ನೀರಿಗೆ ಮುಖ ಮಾಡಿದ ಪಾತ್ರೆಗಳು

ಆಟಿ ತಿಂಗಳ ಮಳೆಗೆ ಉಡುಪಿಯ ಬನ್ನಂಜೆಯ ಹೆಂಚಿನ ಮಾಡುಗಳೆಲ್ಲ ಕಪ್ಪಾಗಿ ನೀರಿಳಿಸುತ್ತಿವೆ. ಮಲ್ಪೆಯ ಕಡೆ ಹೊರಟ ಬಸ್ಸು ರಸ್ತೆಯ ಕೆಂಪು ನೀರನ್ನು ಬದಿಗೆ ಚಿಮ್ಮಿಸಿ ಹೋದ ಸದ್ದು ಅಡುಗೆಮನೆಯವರೆಗೂ ಬರುತ್ತದೆ. ಚಪ್ಪಲಿಯನ್ನು ಜಗಲಿಯ ಕೆಳಗೆ ಬಿಟ್ಟು ಒಳಗೆ ಬನ್ನಿ. ಭಾನುವಾರದ ಊಟ ಈಗಷ್ಟೇ ಮುಗಿದಿದೆ. ಪತ್ರೊಡೆ ಬೇಯಿಸಿದ ಇಡ್ಲಿಪಾತ್ರೆ, ಅನಾನಸಿನ ಮೆಣಸುಕಾಯಿಯ ಬೆಲ್ಲ ತಳಕ್ಕೆ ಹಿಡಿದ ಬಾಣಲೆ, ಕುಚ್ಚಲಕ್ಕಿ ಗಂಜಿ ಅಂಚಿನಲ್ಲಿ ಒಣಗಿ ಬಿಳಿಗಟ್ಟಿದ ಪಾತ್ರೆ, ಅರಸಿನ ಕುಡಿದ ಪ್ಲಾಸ್ಟಿಕ್ ಡಬ್ಬಿ, ಪಾಯಸದ ಲೋಟಗಳ ಸಾಲು. ಇಂಗು, ತೆಂಗಿನೆಣ್ಣೆ, ಕಾಯಿಹಾಲುಗಳ ವಾಸನೆ ಮಳೆಯ ತೇವದಲ್ಲಿ ಮೇಲೇಳಲಾರದೆ ಅಲ್ಲೇ ಸುಳಿದಾಡುತ್ತಿದೆ.

ಹಿತ್ತಿಲ ಬಾಗಿಲಿನಾಚೆ ಪಾತ್ರೆ ತಿಕ್ಕುತ್ತಿದ್ದ ಕಲ್ಲು ಇನ್ನೂ ಇದೆ, ಹಾವಸೆ ಕಟ್ಟಿದೆ. ಒಲೆಯ ಬೂದಿ, ತೆಂಗಿನ ನಾರು, ಹಿಂಡಿ ಉಳಿದ ಹುಣಸೆಯ ಚರಟ ಇವಿಷ್ಟರಲ್ಲೇ ಅತ್ತೆಯವರ ಕಾಲದ ಮುಸುರೆ ಮುಗಿಯುತ್ತಿತ್ತು. ಮೊದಲ ಕಲಗಚ್ಚು ಹಟ್ಟಿಗೆ ಹೋಗುತ್ತಿತ್ತು. ಈಗ ಹಟ್ಟಿಯಿಲ್ಲ. ಸಿಂಕಿನ ಪಕ್ಕದಲ್ಲಿ ಬೂದುಬಣ್ಣದ ಡಿಶ್‌ವಾಷರ್ ಬಾಯಿ ತೆರೆದು ನಿಂತಿದೆ.

ಸೊಸೆ ತಟ್ಟೆಗಳಲ್ಲಿ ಉಳಿದ ಕರಿಬೇವು, ಅನ್ನದಗುಳು, ಮೆಣಸಿನ ತೊಟ್ಟುಗಳನ್ನು ಬೆರಳಲ್ಲೇ ಬಳಿದು ಬುಟ್ಟಿಗೆ ಹಾಕುತ್ತಿದ್ದಾರೆ. ಬೆಂಗಳೂರಿನಿಂದ ಬಂದ ನಾದಿನಿ ಮಾತ್ರ ನಲ್ಲಿ ಬಿಟ್ಟು ಒಂದೊಂದನ್ನೇ ಉಜ್ಜತೊಡಗಿದ್ದಾಳೆ. ಮಣೆಯ ಮೇಲೆ ಕೂತ ಅತ್ತೆ ಸುಮ್ಮನಿರಲಿಲ್ಲ: "ಎಲ್ಲ ನೀನೇ ತೊಳೆದ್ರೆ ಆ ಮಿಷನ್ನಿಗೆ ಎಂತ ಕೆಲಸ ಮಗಾ?"

ಕಂಪನಿಗಳ ಕೈಪಿಡಿಯೂ ಹೇಳುವುದು ಇದನ್ನೇ. ಡಿಶ್‌ವಾಷರಿನ ಪುಡಿಯಲ್ಲಿ, ಗುಳಿಗೆಯಲ್ಲಿ ಕಿಣ್ವಗಳಿರುತ್ತವೆ. ಒಂದು ಬಗೆಯದು ಗಂಜಿಯ ಪಿಷ್ಟವನ್ನು ಒಡೆಯುತ್ತದೆ, ಇನ್ನೊಂದು ಬೇಳೆ, ಹಾಲಿನ ಪ್ರೋಟೀನನ್ನು. ಅವು ಕೆಲಸ ಮಾಡಲು ಪಾತ್ರೆಯಲ್ಲಿ ಒಂದಿಷ್ಟು ಮುಸುರೆ ಇರಬೇಕು. ಆಟೋ ಕ್ರಮವಿರುವ ಯಂತ್ರಗಳು ನೀರಿನ ಕದಡನ್ನು ಅಳೆದು ಎಷ್ಟು ಹೊತ್ತು ತೊಳೆಯಬೇಕೆಂದು ತೀರ್ಮಾನಿಸುತ್ತವೆ. ಮೊದಲೇ ಉಜ್ಜಿ ಇಟ್ಟರೆ ಕೊಳೆ ಕಡಿಮೆಯೆಂದು ಬಗೆದು ಬೇಗ ಮುಗಿಸಿಬಿಡುತ್ತವೆ. ಮೂಲೆಯಲ್ಲೆಲ್ಲೋ ಉಳಿದ ಜಿಡ್ಡು ಹಾಗೇ ಉಳಿಯುತ್ತದೆ. ಸೀದು ಕರಕಲಾದ ಬಾಣಲೆಯನ್ನು ಮಾತ್ರ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಬೇಕು.

ಇನ್ನು ಜೋಡಿಸುವ ಸರದಿ. ಈ ಯಂತ್ರದಲ್ಲಿ ಬ್ರಷ್ಷಿಲ್ಲ, ಕೈಯಿಲ್ಲ. ತಿರುಗುವ ರೆಕ್ಕೆಗಳ ತೂತುಗಳಿಂದ ಚಿಮ್ಮುವ ಬಿಸಿನೀರೇ ಎಲ್ಲ. ಸೊಸೆ ತಟ್ಟೆಗಳನ್ನು ಪಂಕ್ತಿಯಲ್ಲಿ ಕೂರಿಸಿದ ಹಾಗೆ, ಒಂದಕ್ಕೊಂದು ತಾಗದಂತೆ, ಮುಖ ಒಳಗೆ ಮಾಡಿ ನಿಲ್ಲಿಸುತ್ತಾರೆ. ಬಾಣಲೆ, ಕುಕ್ಕರು ಕೆಳಗಿನ ಜಾಲರಿಗೆ, ಬಾಯಿ ಕೆಳಗಾಗಿ, ತುಸು ಓರೆಯಾಗಿ. ಲೋಟ, ಬಟ್ಟಲು, ಪ್ಲಾಸ್ಟಿಕ್ಕು ಮೇಲಕ್ಕೆ. ಚಮಚಗಳು ಒಂದರ ಮೈಗೆ ಒಂದು ಅಂಟದಂತೆ ಕೆಲವು ತಲೆ ಮೇಲಾಗಿ, ಕೆಲವು ಕೆಳಗಾಗಿ. ಕೊನೆಗೆ ರೆಕ್ಕೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಸೌಟಿನ ಹಿಡಿ ಅಡ್ಡ ಬಂದು ರೆಕ್ಕೆ ನಿಂತರೆ ಇಡೀ ಜಾಲರಿಯೇ ಹೊಲಸಾಗಿ ಹೊರಬರುತ್ತದೆ.

ಎಲ್ಲಕ್ಕೂ ಒಳಗೆ ಜಾಗವಿಲ್ಲ. ಎಣ್ಣೆ ಕುಡಿದು ಪಳಗಿದ ಕಬ್ಬಿಣದ ದೋಸೆ ಕಾವಲಿ ಒಳಹೊಕ್ಕರೆ ಆ ಪದರ ಕಳೆದುಕೊಂಡು ತುಕ್ಕು ಹಿಡಿಯುತ್ತದೆ. ಅಲ್ಯುಮಿನಿಯಂ ಕಪ್ಪಾಗುತ್ತದೆ, ಹಿತ್ತಾಳೆ ಕಂಚುಗಳು ಮಾಸುತ್ತವೆ, ಮರದ ಸೌಟು ಬಿರಿಯುತ್ತದೆ. ಮಣ್ಣಿನ ಅಳಗೆ ಸಾಬೂನನ್ನೇ ಹೀರಿಕೊಳ್ಳುತ್ತದೆ. ಇವೆಲ್ಲ ಕೈಯ ಪಾಲು.

"ನಮ್ಮಲ್ಲಿ ಗಾಜಿನ ಲೋಟವೆಲ್ಲ ಬಿಳಿ ಬಿಳಿ ಆಗ್ತದೆ ಅತ್ತಿಗೆ," ನಾದಿನಿಯ ದೂರು. ಅವಳದು ಬೋರ್‌ವೆಲ್ಲಿನ ಗಡಸು ನೀರು. ಅಂಥ ನೀರಿನ ಸುಣ್ಣವನ್ನು ತಡೆಯಲು ಯಂತ್ರದ ತಳದಲ್ಲಿ ಒಂದು ರಾಳದ ಕೋಶವಿದೆ. ಅದು ಮತ್ತೆ ಮತ್ತೆ ಚೇತರಿಸಿಕೊಳ್ಳಲು ಡಿಶ್‌ವಾಷರಿಗೆಂದೇ ಬರುವ ಹರಳುಪ್ಪು ಬೇಕು. ಅಡುಗೆಯ ಪುಡಿಯುಪ್ಪು ಸಲ್ಲದು. ಬನ್ನಂಜೆಯ ನಲ್ಲಿಗೆ ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯ ನೀರು, ಬಾವಿಯದು ಮುರಕಲ್ಲಿನ ನೆಲದ್ದು. ಎರಡೂ ಸಾಮಾನ್ಯವಾಗಿ ಮೆದು. ಹಾಗಾಗಿ ಇಲ್ಲಿ ಯಂತ್ರದ ಗಡಸುತನದ ಗುರುತು ಕೆಳಗಿನ ಅಂಕೆಯಲ್ಲಿದ್ದರೆ ಸಾಕು. ಮೆದು ನೀರಿಗೆ ಪುಡಿ ಹೆಚ್ಚು ಸುರಿದರೆ ಗಾಜಿನ ಮೈಯೇ ಸವೆದು ಮಂಕಾಗುತ್ತದೆ. ಲೋಟಕ್ಕೆ ವಿನೆಗರ್ ಸವರಿ ನೋಡಿ: ಬಿಳುಪು ಹೋದರೆ ಸುಣ್ಣ, ಹೋಗದಿದ್ದರೆ ಸವೆತ. ಸವೆತಕ್ಕೆ ಮದ್ದಿಲ್ಲ.

ಪುಡಿಯ ಡಬ್ಬಿಯನ್ನು ಸೊಸೆ ಬಿಗಿಯಾಗಿ ಮುಚ್ಚಿಡುತ್ತಾರೆ. ಕರಾವಳಿಯ ಮಳೆಗಾಲದ ಗಾಳಿ ಅದನ್ನು ಗಟ್ಟಿ ಮಾಡಿಬಿಡುತ್ತದೆ. ಬಾಗಿಲು ಮುಚ್ಚಿದ್ದೇ ಒಳಗೆ ನೀರು ತುಂಬುವ ಸದ್ದು, ಆಮೇಲೆ ಸುಯ್ ಸುಯ್ ಎಂದು ಎರಚುವ ಸದ್ದು. ಹೊರಗಿನ ಮಳೆ ಯಾವುದು, ಒಳಗಿನದು ಯಾವುದೆಂದು ತಿಳಿಯದು. ಜಿಡ್ಡಿನ ಬಾಣಲೆಗಳಿಗೆ 70 ಡಿಗ್ರಿ ಸೆಲ್ಸಿಯಸ್ಸಿನ ಜೋರು ಕ್ರಮ, ದಿನದ ತಟ್ಟೆ ಲೋಟಗಳಿಗೆ 50ರ ಆಸುಪಾಸಿನ ಇಕೋ. ಇಕೋಗೆ ಮೂರು ಗಂಟೆ ದಾಟಿದರೂ ಕರೆಂಟು ಕಡಿಮೆ, ಏಕೆಂದರೆ ಖರ್ಚಿನ ಹೆಚ್ಚಿನ ಪಾಲು ನೀರು ಕಾಯಿಸುವುದರಲ್ಲಿದೆ. ತುಂಬಿದ ಒಂದು ಸರದಿಗೆ ಬೇಕಾದ್ದು ಸುಮಾರು 10 ಲೀಟರ್ ನೀರು. ನಲ್ಲಿ ಪೂರ್ತಿ ಬಿಟ್ಟರೆ ಅಷ್ಟು ಒಂದೆರಡು ನಿಮಿಷದಲ್ಲೇ ಹರಿದುಹೋಗುತ್ತದೆ. ಬೇಸಗೆಯಲ್ಲಿ ಬಜೆಯ ತಳ ಕಾಣುವಾಗ ಈ ಲೆಕ್ಕಕ್ಕೆ ತೂಕ ಬರುತ್ತದೆ. ನೀರೆರಚಿ ತೊಳೆಯುವ ಈ ಬಗೆ ಹೊಸದೇನಲ್ಲ: ಅಮೆರಿಕದ ಜೋಸೆಫಿನ್ ಕಾಕ್ರನ್ 1886ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೂ ತಂತಿಯ ಗೂಡುಗಳಲ್ಲಿ ನಿಂತ ಪಿಂಗಾಣಿಗೆ ಸಾಬೂನಿನ ಬಿಸಿನೀರು ಎರಚಲಾಗುತ್ತಿತ್ತು.

ಮುಗಿದಾಗ ಬಾಗಿಲು ತುಸು ತೆರೆದರೆ ಹಬೆ ಹೊರನುಗ್ಗಿ ಕಿಟಕಿಯ ಗಾಜು ಮಬ್ಬಾಗುತ್ತದೆ. ಸ್ಟೀಲು ತನ್ನ ಬಿಸಿಗೇ ಒಣಗಿದೆ, ಪ್ಲಾಸ್ಟಿಕ್ಕಿನ ಮೇಲೆ ಹನಿ ನಿಂತಿದೆ. ಸೊಸೆ ಕೆಳಗಿನ ಜಾಲರಿಯನ್ನೇ ಮೊದಲು ಖಾಲಿ ಮಾಡುತ್ತಾರೆ. ಮೇಲಿನದನ್ನು ಎಳೆದರೆ ಲೋಟದ ತಳದ ನೀರು ಒಣಗಿದ ಪಾತ್ರೆಗಳ ಮೇಲೆ ಸುರಿಯುತ್ತದೆ. ಅರಸಿನದ ಡಬ್ಬಿ ಹಳದಿಯಾಗಿಯೇ ಇದೆ. ಅದಕ್ಕೆ ಬಿಸಿಲೇ ಮದ್ದು, ಆಟಿ ಕಳೆಯಬೇಕು. ತಳದ ಸೋಸುಬುಟ್ಟಿಯನ್ನು ತಿರುಗಿಸಿ ತೆಗೆದರೆ ಒಗ್ಗರಣೆಯ ಸಾಸಿವೆ, ತುರಿದ ಕಾಯಿಯ ಚೂರು, ಎರಡು ಅಗುಳು.

ಯಂತ್ರ ಕೊಂಡವರಿಗೆ ಹೇಳುವುದಿಷ್ಟೇ: ಬಳಿದು ಹಾಕಿ, ತೊಳೆದು ಹಾಕಬೇಡಿ, ಪ್ರತಿ ಪಾತ್ರೆಯ ಮುಖ ನೀರಿಗೆ ಕಾಣುವಂತಿಡಿ, ನಿಮ್ಮ ಮನೆಯ ನೀರು ಗಡಸೋ ಮೆದುವೋ ತಿಳಿದುಕೊಳ್ಳಿ, ವಾರಕ್ಕೊಮ್ಮೆಯಾದರೂ ಆ ಸೋಸುಬುಟ್ಟಿ ತೊಳೆಯಿರಿ. ಡಿಶ್‌ವಾಷರ್ ಸರಿಯಾಗಿ ತೊಳೆಯುವುದಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲೇ ತೀರುತ್ತವೆ.