ಹೊಸ ವಿಶ್ವವಿದ್ಯಾನಿಲಯವೂ ಆಟದ ಅಂಗಣವೂ

ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ, ಆರಂಭವಾದ ಇಲ್ಲಿಯ ಸರಕಾರಿ ಕಾಲೇಜು ಇದ್ದಲ್ಲಿಯೇ ಇದ್ದುಕೊಂಡು ಮೂರು ವಿಶ್ವವಿದ್ಯಾನಿಲಯಗಳ ಆಶ್ರಯವನ್ನು ಕಂಡಿದೆ: ಮೊದಲು ಕೇರಳದ್ದು, 1968ರಲ್ಲಿ ಸ್ಥಾಪಿತವಾದ ಕಲ್ಲಿಕೋಟೆಯದು, ಅನಂತರ 1996ರಲ್ಲಿ ಹುಟ್ಟಿದ ಕಣ್ಣೂರಿನದು. ಪಾಠಪಟ್ಟಿಯೂ ಪದವಿಪತ್ರದ ಮೇಲಣ ಮುದ್ರೆಯೂ ಇದರಿಂದ ಬದಲಾದುದು ಎಲ್ಲರಿಗೂ ಗೊತ್ತು. ಕಬಡ್ಡಿಯಲ್ಲಿಯೋ ಫುಟ್‌ಬಾಲಿನಲ್ಲಿಯೋ ಪಳಗಿದ ಹುಡುಗನು ರಾಷ್ಟ್ರಮಟ್ಟಕ್ಕೆ ಏರುವ ದಾರಿಯೂ ಪ್ರತಿಸಲ ಹೊಸದಾಯಿತೆಂಬುದನ್ನು ಗಮನಿಸಿದವರು ವಿರಳ.

1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿಯೆಂದು ಹುಟ್ಟಿ ಇಂದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆನಿಸಿರುವ ಸಂಸ್ಥೆಯು ವಿಶ್ವವಿದ್ಯಾನಿಲಯಗಳ ನಡುವಣ ಪಂದ್ಯಾವಳಿಗಳನ್ನು ನಿಯಂತ್ರಿಸುತ್ತದೆ. ಅಂಗಕಾಲೇಜುಗಳು ಎಷ್ಟಿದ್ದರೂ ಒಂದು ಆಟಕ್ಕೆ ಒಂದು ವಿಶ್ವವಿದ್ಯಾನಿಲಯದಿಂದ ಒಂದೇ ತಂಡ. ಅದು ಮೊದಲು ತನ್ನ ವಲಯದಲ್ಲಿ ಆಡಬೇಕು. ಗುಂಪು ಆಟಗಳಲ್ಲಿ ಸಾಮಾನ್ಯವಾಗಿ ನಾಲ್ಕು ವಲಯಗಳಿಂದ ನಾಲ್ಕು ನಾಲ್ಕರಂತೆ 16 ತಂಡಗಳು ಅಖಿಲ ಭಾರತ ಸ್ಪರ್ಧೆಗೆ ತೇರ್ಗಡೆಯಾಗುತ್ತವೆ. ಆದುದರಿಂದ ಹಿಂದೆ ತೃಶೂರು, ಪಾಲಕ್ಕಾಡುಗಳ ಪ್ರತಿಭಾವಂತರೊಡನೆ ಒಂದೇ ತಂಡದ ಸ್ಥಾನಕ್ಕಾಗಿ ಸೆಣಸಬೇಕಾಗಿದ್ದ ಮಂಜೇಶ್ವರದ ಹುಡುಗನು 1996ರ ಬಳಿಕ ಕಣ್ಣೂರು, ಕಾಸರಗೋಡು ಮತ್ತು ವಯನಾಡಿನ ಮಾನಂತವಾಡಿಯವರೊಡನೆ ಮಾತ್ರ ಸೆಣಸಿದರಾಯಿತು. ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಇದು ಅಲ್ಪಲಾಭವಲ್ಲ. 2009ರಲ್ಲಿ ಸ್ಥಾಪಿತವಾಗಿ ಈಗ ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾನಿಲಯವಾದರೋ ತನ್ನ ಆವರಣದ ವಿದ್ಯಾರ್ಥಿಗಳನ್ನೇ ನೆಚ್ಚಬೇಕು.

ವಿಶ್ವವಿದ್ಯಾನಿಲಯವನ್ನು ಹುಟ್ಟಿಸುವ ಶಾಸನವು ಪಂದ್ಯಾವಳಿಗೆ ಪ್ರವೇಶವನ್ನು ಕೊಡಬಲ್ಲುದು, ಮನ್ನಣೆಯನ್ನು ಕೊಡಲಾರದು. ಪ್ರಬಲರೆಂದು ಆಗಲೇ ಹೆಸರಾದವರನ್ನು ಅವರ ಎದುರಿನಲ್ಲಿಯೇ ಸೋಲಿಸಿದಾಗ ಮಾತ್ರ ಅದು ಬರುತ್ತದೆ. ಕಲ್ಲಿಕೋಟೆ ವಿಶ್ವವಿದ್ಯಾನಿಲಯವು ಹುಟ್ಟಿದ ಮೂರೇ ವರ್ಷಗಳಲ್ಲಿ, 1971ರಲ್ಲಿ, ವಿಕ್ಟರ್ ಮಂಜಿಲರ ನಾಯಕತ್ವದಲ್ಲಿ ಅಂತರ ವಿಶ್ವವಿದ್ಯಾನಿಲಯ ಫುಟ್‌ಬಾಲಿನ ಅಶುತೋಷ್ ಮುಖರ್ಜಿ ಪಾರಿತೋಷಕವನ್ನು ಗೆದ್ದಿತು. ಕಾಸರಗೋಡಿನ ಕಾಲೇಜು ಆಗ ಅದರ ಅಂಗವಾಗಿದ್ದಿತು. ಗಡಿಯಾಚೆಗೆ, 1980ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯವು ಹಿಡಿದುದು ಇನ್ನೂ ದೀರ್ಘವಾದ ದಾರಿ: ಮೂಡುಬಿದಿರೆಯ ಕಾಲೇಜೊಂದು ಓಟಗಾರರಿಗೆ ಊಟ, ವಸತಿ, ತರಬೇತಿಗಳನ್ನಿತ್ತು ವರ್ಷಗಟ್ಟಲೆ ಸಾಕಿದ ಫಲವಾಗಿ ಅದು ಅಥ್ಲೆಟಿಕ್ಸ್‌ನಲ್ಲಿ ಮತ್ತೆಮತ್ತೆ ಚಾಂಪಿಯನ್ ಆಯಿತು, 2020ರ ಜನವರಿಯಲ್ಲಿ 80ನೆಯ ಅಖಿಲ ಭಾರತ ಕೂಟವೇ ಅಲ್ಲಿಯ ಸ್ವರಾಜ್ಯ ಮೈದಾನಕ್ಕೆ ಬಂದಿತು. ಹಣವುಳ್ಳವರಿಗೆ ಇದು ಸುಲಭವೆನ್ನುವವರಿದ್ದಾರೆ. ಆದರೆ ಹಣದೊಡನೆ ತಾಳ್ಮೆಯೂ ಇಲ್ಲದಿದ್ದಲ್ಲಿ ಇಂತಹ ಸಾಧನೆ ಆಗದೆಂದೇ ನನ್ನ ದೃಢವಾದ ನಂಬಿಕೆ.

ಪ್ರವೇಶದ ಕ್ರಮವು ಎಲ್ಲೆಡೆಯೂ ಒಂದೇ ಅಲ್ಲ. ಅಮೆರಿಕದ ಕಾಲೇಜುಗಳ ಐಸ್ ಹಾಕಿಯಲ್ಲಿಯೂ ಪುರುಷರ ರಾಷ್ಟ್ರೀಯ ಪಂದ್ಯಾವಳಿಗೆ 16 ತಂಡಗಳೇ. ಅಲ್ಲಿ ಕಾಲೇಜುಗಳು ತಾವಾಗಿಯೇ ಒಕ್ಕೂಟಗಳನ್ನು ಕಟ್ಟಿಕೊಳ್ಳುತ್ತವೆ. ತನ್ನ ವಿಜೇತರಿಗೆ ನೇರ ಪ್ರವೇಶ ಬೇಕೆನ್ನುವ ಒಕ್ಕೂಟದಲ್ಲಿ ಕನಿಷ್ಠ ಆರು ಕಾಲೇಜುಗಳಿರಬೇಕು. ಉಳಿದ ಸ್ಥಾನಗಳು, ಯಾರೊಡನೆ ಆಡಿ ಗೆದ್ದರೆಂಬುದರ ಲೆಕ್ಕಾಚಾರದಿಂದ ನಿರ್ಣಯವಾಗುತ್ತವೆ.

ನಮ್ಮಲ್ಲಿ ಈ ಪ್ರವೇಶವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದು ಅರ್ಹತಾಪತ್ರದ ಮೇಲೆ. ಭಾವಚಿತ್ರ, ಪ್ರಾಂಶುಪಾಲರ ಸಹಿ, ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ: ಇವುಗಳಲ್ಲಿ ಒಂದು ತಪ್ಪಿದರೂ ವರ್ಷದ ಅಭ್ಯಾಸವೆಲ್ಲ ವ್ಯರ್ಥ. ಕುಂಬಳೆ, ಮಂಜೇಶ್ವರಗಳ ಊರೂರಿನಲ್ಲಿ ರಾತ್ರಿ ದೀಪ ಹಾಕಿ ಕಬಡ್ಡಿ ಪಂದ್ಯಗಳನ್ನು ನಡೆಸುವ ಸಂಘದ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಅಂಗಣದಲ್ಲಿ ಮಿಂಚಿದ ಹುಡುಗನೂ ಹುಡುಗಿಯೂ ಕಾಲೇಜಿಗೆ ಸೇರಿದ ಮೊದಲ ವರ್ಷವೇ ಆಯ್ಕೆಯ ದಿನವನ್ನು ವಿಚಾರಿಸಿಕೊಂಡು, ಕಾಗದಪತ್ರಗಳನ್ನು ಸಿದ್ಧಮಾಡಿಕೊಂಡು ಹೋಗುವಂತೆ ನೋಡಿಕೊಳ್ಳಿರಿ.