ಊಟಿ ಟ್ರಿಪ್‌ಗೆ ರೂಮ್ ಊಟಿಯಲ್ಲೇ ಬೇಕಾ?

ಚೆನ್ನೈಯಲ್ಲಿರೋ ನಮ್ಮಂಥೋರಿಗೆ ಬೆಟ್ಟ ಅಂದ್ರೆ ಮೊದಲು ನೆನಪಾಗೋದು ನೀಲಗಿರಿ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಮಗುವೂ ಜೊತೆಗಿದೆ ಅಂದ್ರೆ ನಾನು ರೂಮ್ ಮಾಡೋದು ಕೂನೂರಲ್ಲಿ, ಊಟಿಯಲ್ಲಿ ಅಲ್ಲ.

ಕಾರಣ ಎತ್ತರ. ಊಟಿ ಸುಮಾರು 2,240 ಮೀಟರ್, ಕೂನೂರು ಸುಮಾರು 1,850. ಜನವರಿಯಲ್ಲಿ ಊಟಿಯ ತಗ್ಗುಗಳಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತೆ. ಮಂಡಿನೋವಿನ ಅಮ್ಮನಿಗೆ ಆ ಚಳಿ ಕಷ್ಟ. ಮಧ್ಯೆ ಇರೋದು ಸುಮಾರು 20 ಕಿ.ಮೀ. ಅಷ್ಟೇ. ಹಗಲು ಊಟಿ ನೋಡಿ ಸಂಜೆ ಇಳಿದು ಬರಬಹುದು. ಮೆಟ್ಟುಪಾಳಯಂನಿಂದ ಹತ್ತೋ ಪುಟಾಣಿ ರೈಲಿಗೂ (2005ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ) ಮೊದಲು ಸಿಗೋದು ಕೂನೂರೇ.

ಬುಕ್ ಮಾಡೋಕೆ ಮುಂಚೆ ರೇಟಿಂಗ್ ನೋಡಿ ಸುಮ್ಮನಾಗಬೇಡಿ, ಫೋನ್ ಮಾಡಿ. ಕಾರು ನಿಲ್ಲೋ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು? ಬಿಸಿನೀರು ಗೀಸರ್‌ದಾ, ಸೋಲಾರ್‌ದಾ? ಮಂಜು ಮುಸುಕಿದ ದಿನ ಸೋಲಾರ್ ಕೈಕೊಡುತ್ತೆ. ‘ವ್ಯಾಲಿ ವ್ಯೂ’ ಅಂದ್ರೆ ಎಷ್ಟೋ ಕಡೆ ಮೆಟ್ಟಿಲು ಜಾಸ್ತಿ ಅಂತಲೇ ಅರ್ಥ!

ಸ್ವಂತ ಕಾರಾದರೆ ಇ-ಪಾಸ್ ಮರೀಬೇಡಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ ತಿಂಗಳಲ್ಲಿ ಬಂದ ನಿಯಮ ಅದು.

ಅಪ್ಪನಿಗೆ ತಮಿಳು ಬರಲ್ಲ ಅನ್ನೋ ಚಿಂತೆನಾ? ಅಲ್ಲಿನ ಬಡಗರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಟೀ ಅಂಗಡಿಯಲ್ಲಿ ನಮ್ಮಪ್ಪ ನನಗಿಂತ ಬೇಗ ಮಾತಿಗೆ ಕೂತರು.