ಹೊಳೆಯ ಕಸಕ್ಕೆ ಅಂಗಳದಲ್ಲೇ ಕಟ್ಟ

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಮಂಗಳೂರಿನ ಅಳಿವೆಬಾಗಿಲಿನ ಆಸುಪಾಸಿನ ಕಡಲತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ಒಮ್ಮೆ ನಿಂತು ನೋಡಬೇಕು. ಎರಡು ಸಾಲಿನಲ್ಲಿ ನಿಂತವರು ಹಗ್ಗ ಜಗ್ಗಿ ಜಗ್ಗಿ ಬಲೆಯನ್ನು ದಡಕ್ಕೆ ತರುತ್ತಾರೆ. ಬೂತಾಯಿ, ಬಂಗುಡೆಗಳ ಜೊತೆಗೆ ಹಾಲಿನ ತೊಟ್ಟೆ, ಗುಟ್ಕಾ ಪೊಟ್ಟಣ, ನೀರಿನ ಬಾಟಲಿ, ಹರಿದ ಚಪ್ಪಲಿಯೂ ಬರುತ್ತವೆ. ಮೀನನ್ನು ಬುಟ್ಟಿಗೆ ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬಲೆಯ ಕಣ್ಣಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕನ್ನು ಒಂದೊಂದಾಗಿ ಬಿಡಿಸುತ್ತಾ ಕೂರಬೇಕು. ಎಲ್ಲೋ ಘಟ್ಟದ ಬುಡದ ಅಂಗಡಿಯಲ್ಲಿ ಯಾರೋ ಹರಿದು ಎಸೆದ ಪೊಟ್ಟಣಕ್ಕೆ ದಂಡ ತೆರುವವನು ಕಡಲ ಮಗ.

ಕುದುರೆಮುಖದ ಕಾಡಿನಲ್ಲಿ ಹುಟ್ಟುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ದಾಟಿ, ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರಿಗೆ ಕುಡಿಯುವ ನೀರು ಕೊಟ್ಟು ಸಮುದ್ರ ಸೇರುತ್ತದೆ. ಹರಿವು ಸುಮಾರು 100 ಕಿ.ಮೀ. ಮಾತ್ರ. ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯುದ್ದಕ್ಕೂ ತೋಡಿನ ಬದಿಯಲ್ಲಿ ಬಿದ್ದ ಕಸವನ್ನು ಮೊದಲ ನೆರೆ ಒಂದೇ ರಾತ್ರಿ ಎತ್ತಿಕೊಂಡು ಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ತೋಡು ಚೊಕ್ಕಟ. ಕಸ ಹೋದದ್ದು ಕೆಳಗಿನವರ ಬಲೆಗೆ, ಗದ್ದೆಗೆ, ಬಾವಿಗೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿದ್ದ ಮಂದಾರದ ಮನೆ-ತೋಟಗಳನ್ನು ನುಂಗಿದಾಗ ಕರಾವಳಿ ಇದನ್ನು ಕಣ್ಣಾರೆ ಕಂಡಿತು. ತಲೆಮಾರುಗಳಿಂದ ಕೃಷಿ ಮಾಡಿಕೊಂಡಿದ್ದ ಕುಟುಂಬಗಳು ಮನೆ ಬಿಟ್ಟು ಹೊರಟವು.

ಹೊಳೆ ಕೆಟ್ಟರೆ ಸರ್ಕಾರವೇ ಬರಲಿ ಎಂದು ಕಾಯದ ಊರುಗಳೂ ಇವೆ. ಕೇರಳದ ಆಲಪ್ಪುಳ ಜಿಲ್ಲೆಯ ಬುಧನೂರು ಪಂಚಾಯಿತಿಯಲ್ಲಿ ಪಂಪಾ ಮತ್ತು ಅಚ್ಚನ್‌ಕೋವಿಲ್ ನದಿಗಳನ್ನು ಬೆಸೆಯುವ ಕುಟ್ಟಂಪೇರೂರು ಹೊಳೆ ಮರಳುಗಾರಿಕೆ, ಕಳೆ, ಪ್ಲಾಸ್ಟಿಕ್ ಸೇರಿ ಹೂತುಹೋಗಿತ್ತು. 2017ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಊರಿನ ಸುಮಾರು 700 ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರು, ಕೊಳಕು ನೀರಿಗಿಳಿದರು. 70 ದಿನ ಕಳೆ ಕಿತ್ತರು, ಹೂಳೆತ್ತಿದರು, ಪ್ಲಾಸ್ಟಿಕ್ ಹೊತ್ತು ಮೇಲೆ ಹಾಕಿದರು. 12 ಕಿ.ಮೀ. ಉದ್ದದ ಹೊಳೆ ಮತ್ತೆ ಹರಿಯಿತು. ಅದೇ ವರ್ಷ ಕೊಲ್ಲಂನ ಮೀನುಗಾರರು ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಮರಳಿ ಸಮುದ್ರಕ್ಕೆ ಎಸೆಯದೆ ಚೀಲದಲ್ಲಿ ತುಂಬಿ ದಡಕ್ಕೆ ತರತೊಡಗಿದರು. ಮೀನುಗಾರ ಕುಟುಂಬಗಳ ಮಹಿಳೆಯರು ಅದನ್ನು ತೊಳೆದು ವಿಂಗಡಿಸಿದರು. ಪುಡಿ ಮಾಡಿದ ಪ್ಲಾಸ್ಟಿಕ್ ಡಾಂಬರಿನ ಜೊತೆ ಸೇರಿ ರಸ್ತೆಯಾಯಿತು.

ಆದರೆ ಬಳಿದು ತೆಗೆದ ಕಸ ಮತ್ತೆ ಬಾರದಂತೆ ತಡೆಯುವ ಜಾಗ ಹೊಳೆಯಲ್ಲ, ಮನೆಯಂಗಳ. ಅಲ್ಲಿಯೂ ದಾರಿ ತೋರಿಸುತ್ತಿರುವವರು ಹೆಂಗಸರೇ. ನಮ್ಮ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಸದಸ್ಯೆಯರು 'ಸ್ವಚ್ಛ ವಾಹಿನಿ'ಯ ಸ್ಟಿಯರಿಂಗ್ ಹಿಡಿದು ಮನೆಮನೆಯ ಒಣಕಸ ಸಂಗ್ರಹಿಸುತ್ತಾರೆ. ಕಾರ್ಕಳದ ನಿಟ್ಟೆ, ಮಂಗಳೂರಿನ ತೆಂಕ ಎಡಪದವಿನಲ್ಲಿ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೆಡೆ ವಿಂಗಡಿಸುವ ಘಟಕಗಳಿವೆ. ಈ ಅಕ್ಕಂದಿರ ಗಾಡಿಗೆ ಬಿದ್ದ ತೊಟ್ಟೆ ಹೊಳೆಗೆ ಬೀಳುವುದಿಲ್ಲ. ತಿಂಗಳಿಗೆ ಕೊಡಬೇಕಾದ ಅಲ್ಪ ಶುಲ್ಕಕ್ಕೆ ಮುಖ ತಿರುಗಿಸಿ, ಕತ್ತಲಾದ ಮೇಲೆ ಸೇತುವೆಯಿಂದ ಚೀಲ ಎಸೆಯುವವರು ಇದನ್ನು ನೆನಪಿಡಬೇಕು.

ಒಟ್ಟಾಗಿ ನೀರಿಗಿಳಿಯುವುದು ತುಳುನಾಡಿಗೆ ಹೊಸತಲ್ಲ. ಮಳೆ ನಿಂತ ಮೇಲೆ ತೋಡಿಗೆ ಕಲ್ಲು-ಮಣ್ಣಿನ ಕಟ್ಟ ಹಾಕಿ ಅಡಿಕೆ ತೋಟಕ್ಕೆ, ಸುಗ್ಗಿ ಬೆಳೆಗೆ ನೀರು ನಿಲ್ಲಿಸುವುದು ನೆರೆಕರೆಯವರೆಲ್ಲ ಸೇರಿ ಮಾಡುತ್ತಿದ್ದ ಕೆಲಸ. ಯಾರ ಮನೆಯಿಂದ ಎಷ್ಟು ಆಳು ಎಂಬ ಲೆಕ್ಕವನ್ನು ಊರೇ ಇಡುತ್ತಿತ್ತು. ಈಗಲೂ ಕೆಲವೆಡೆ ಕಟ್ಟ ಏಳುತ್ತದೆ, ಆದರೆ ಪ್ಲಾಸ್ಟಿಕ್ ಹಾಳೆ, ಮರಳು ತುಂಬಿದ ಸಿಮೆಂಟು ಚೀಲಗಳನ್ನು ಬಳಸಿ. ಮಳೆಗೆ ಮುನ್ನ ಅವನ್ನು ಬಿಡಿಸದಿದ್ದರೆ ನೀರಿಗಾಗಿ ಕಟ್ಟಿದ್ದೇ ನೀರಿಗೆ ವಿಷವಾಗುತ್ತದೆ.

ಮೇ ಕೊನೆಯ ವಾರದಲ್ಲಿ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಮಳೆಗೆ ಊರು ಅಣಿಯಾಗುವ ದಿನವದು. ಈ ಸಲ ಅದಕ್ಕೆ ಒಂದು ವಾರ ಮೊದಲೇ ನಿಮ್ಮ ಮನೆ ಹಿಂದಿನ ತೋಡಿಗೆ ಇಳಿಯಿರಿ. ನೆರೆಮನೆಯವರನ್ನೂ ಕರೆಯಿರಿ. ಕಟ್ಟದ ಹಾಳೆ ತೆಗೆಯಿರಿ, ಬೇರುಗಳಿಗೆ ಸುತ್ತಿಕೊಂಡ ತೊಟ್ಟೆಗಳನ್ನು ಬಿಡಿಸಿ ಚೀಲಕ್ಕೆ ತುಂಬಿ, ಸ್ವಚ್ಛ ವಾಹಿನಿಗೆ ಕೊಡಿ. ಮೊದಲ ನೆರೆ ಬಂದಾಗ ಕೆಳಗಿನ ಊರಿಗೆ ನೀರು ಮಾತ್ರ ಹೋಗಲಿ.